ಈ ದಫ್ತರ ಯಾರಪ್ಪನ ಆಸ್ತಿ?

ಕನ್ನಡದ ಹುಡುಗರೇ, ಹುಡುಗಿಯರೇ,

ಯಾವುದೋ ಕಂಪನಿಯಿಂದ ಕೆಲಸದ ಪತ್ರ ಬರುತ್ತದೆ. ಬಣ್ಣದ ಲೆಟರ್‌ಹೆಡ್ಡು, ಹೆಸರಿನ ಕೊನೆಗೆ 'ಪ್ರೈವೇಟ್ ಲಿಮಿಟೆಡ್', ಅಡಿಯಲ್ಲಿ ದೊಡ್ಡ ಮೊಹರು. ನೀವು ಆಯ್ಕೆಯಾಗಿದ್ದೀರಿ, ತರಬೇತಿಗೆಂದು ಹದಿನೈದು ಸಾವಿರ ಡಿಪಾಸಿಟ್ ಕಟ್ಟಿ, ಆರು ತಿಂಗಳಲ್ಲಿ ವಾಪಸ್ ಕೊಡುತ್ತೇವೆ ಎಂದು ಬರೆದಿರುತ್ತದೆ. ಹಾಸನದಿಂದಲೋ ರಾಯಚೂರಿನಿಂದಲೋ ಬಂದು ಪಿಜಿಯಲ್ಲಿ ಮೂವರ ಜೊತೆ ರೂಮು ಹಂಚಿಕೊಂಡಿರುವ ಹುಡುಗ ಊರಿಗೆ ಫೋನ್ ಮಾಡುತ್ತಾನೆ. ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಿ ಕಳಿಸುತ್ತಾನೆ. ಎರಡನೇ ತಿಂಗಳಿಗೆ ಕಂಪನಿಯ ಬಾಗಿಲಿಗೆ ಬೀಗ, ಫೋನು ಸ್ವಿಚ್ ಆಫ್. ಠಾಣೆಗೆ ಹೋದರೆ ಸಿಗುವುದು ಒಂದು ಬುದ್ಧಿಮಾತು: 'ದುಡ್ಡು ಕಟ್ಟೋ ಮುಂಚೆ ವಿಚಾರಿಸಬೇಕಿತ್ತಪ್ಪಾ.'

ಎಲ್ಲಿ ವಿಚಾರಿಸಬೇಕಿತ್ತು ಸ್ವಾಮಿ? ಯಾರ ಹತ್ತಿರ? ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ಪಿಯುಸಿಗೆ ಓದು ನಿಲ್ಲಿಸಿ ಪ್ರೆಸ್ಸು ಹಿಡಿದವನು. ಇಪ್ಪತ್ತು ವರ್ಷದಿಂದ ಕಂಪನಿಗಳ ಲೆಟರ್‌ಹೆಡ್ಡು, ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು ಅಚ್ಚು ಹಾಕುತ್ತಿರುವುದರಿಂದ ಈ ಕಂಪನಿಗಳ ಜಾತಕ ನನಗೆ ಕಸುಬಿನ ಕಡೆಯಿಂದ ಗೊತ್ತು. ಗೊತ್ತಿದ್ದಷ್ಟನ್ನು ಇಲ್ಲಿ ಹೇಳುತ್ತೇನೆ.

ಒಂದು ದಫ್ತರ ಇದೆ. ಕಂಪನಿ ಕಾಯ್ದೆಯ ಅಡಿಯಲ್ಲಿ ಹುಟ್ಟುವ ಪ್ರತಿಯೊಂದು ಕಂಪನಿಯ ಹೆಸರು, ಹುಟ್ಟಿದ ದಿನ, ನೋಂದಾಯಿತ ಕಚೇರಿಯ ವಿಳಾಸ, ಬಂಡವಾಳ, ಈಗ ಬದುಕಿದೆಯೋ ಸತ್ತಿದೆಯೋ ಎಂಬ ವಿವರ ಎಲ್ಲಾ ಅದರಲ್ಲಿ ದಾಖಲಾಗುತ್ತದೆ. ನಮ್ಮಲ್ಲಿ ಅದನ್ನು ನೋಡಿಕೊಳ್ಳುವ ಕಂಪನಿಗಳ ರಿಜಿಸ್ಟ್ರಾರ್ ಕಚೇರಿ ಇರುವುದು ಕೋರಮಂಗಲದ ಕೇಂದ್ರೀಯ ಸದನದಲ್ಲಿ. 2006ರಿಂದ ಈ ದಫ್ತರ ಕಂಪ್ಯೂಟರಿಗೆ ಏರಿದೆ. 2013ರ ಕಂಪನಿ ಕಾಯ್ದೆಯ 399ನೇ ಕಲಂ ಪ್ರಕಾರ ಯಾವುದೇ ವ್ಯಕ್ತಿ ಅದನ್ನು ನೋಡಬಹುದು. ನೀವು ಯಾರು, ಯಾಕೆ ಬೇಕು ಎಂದು ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಮೇಲುಮೇಲಿನ ವಿವರ ಪುಕ್ಕಟೆ. ಕಂಪನಿ ಸಲ್ಲಿಸಿದ ಕಾಗದಪತ್ರ ನೋಡಬೇಕಾದರೆ ಕಂಪನಿಯೊಂದಕ್ಕೆ 100 ರೂಪಾಯಿ. ಹದಿನೈದು ಸಾವಿರ ಕಟ್ಟುವ ಮುಂಚೆ ಖರ್ಚು ಮಾಡಬೇಕಾದ ನೂರು ರೂಪಾಯಿ ಇದು.

ಈ ದಫ್ತರದ ಬೀಗದಕೈ ಲೆಟರ್‌ಹೆಡ್ಡಿನ ಮೇಲೇ ಇರುತ್ತದೆ. ಅದೇ ಕಾಯ್ದೆಯ 12ನೇ ಕಲಂ ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಂದು. ಅಂದಿನಿಂದ ಪ್ರತಿ ಕಂಪನಿಯೂ ತನ್ನ ಪತ್ರ, ಬಿಲ್ಲು, ನೋಟೀಸುಗಳ ಮೇಲೆ ಕಾರ್ಪೊರೇಟ್ ಐಡೆಂಟಿಟಿ ನಂಬರ್, ಅಂದರೆ ಸಿಐಎನ್ ಅಚ್ಚು ಹಾಕಿಸಲೇಬೇಕು. ಇನ್ಫೋಸಿಸ್‌ನ ನಂಬರು ನೋಡಿ: ಎಲ್ 85110 ಕೆಎ 1981 ಪಿಎಲ್‌ಸಿ 013115. ಒಟ್ಟು 21 ಅಕ್ಷರ. ಮೊದಲ 'ಎಲ್' ಅಂದರೆ ಷೇರುಪೇಟೆಯಲ್ಲಿ ಪಟ್ಟಿಯಾದದ್ದು, ಆಗದಿದ್ದರೆ 'ಯು' ಇರುತ್ತದೆ. ಮುಂದಿನ ಐದು ಅಂಕಿ ಉದ್ಯಮದ ಸಂಕೇತ. 'ಕೆಎ' ನಮ್ಮ ಕರ್ನಾಟಕ. 1981 ಹುಟ್ಟಿದ ವರ್ಷ. 'ಪಿಎಲ್‌ಸಿ' ಪಬ್ಲಿಕ್ ಲಿಮಿಟೆಡ್, ಪ್ರೈವೇಟ್ ಆದರೆ 'ಪಿಟಿಸಿ'. ಕೊನೆಯ ಆರು ಅಂಕಿ ನೋಂದಣಿ ಸಂಖ್ಯೆ. 'ಇಪ್ಪತ್ತು ವರ್ಷದ ಅನುಭವ' ಎಂದು ಕೊಚ್ಚಿಕೊಳ್ಳುವ ಕಂಪನಿಯ ಸಿಐಎನ್ ನಡುವೆ 2023 ಎಂದಿದ್ದರೆ ಆ ಅನುಭವ ಎಲ್ಲಿಂದ ಬಂತು ಎಂದು ಸಂದರ್ಶನದಲ್ಲೇ ಕೇಳಿ.

ಇನ್ನೊಂದು ಗುಟ್ಟು. ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆಯಲ್ಲಿ ಮೊದಲೆರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಅಕ್ಷರ ಪ್ಯಾನ್ ಸಂಖ್ಯೆ. ಹಾಗಾಗಿ ಜಿಎಸ್‌ಟಿ ಸಂಖ್ಯೆಯ ಆರನೇ ಅಕ್ಷರ ಯಾರದು ಈ ವ್ಯಾಪಾರ ಎಂದು ಹೇಳಿಬಿಡುತ್ತದೆ: 'ಸಿ' ಇದ್ದರೆ ಕಂಪನಿ, 'ಎಫ್' ಇದ್ದರೆ ಪಾಲುದಾರಿಕೆ, 'ಪಿ' ಇದ್ದರೆ ಒಬ್ಬ ವ್ಯಕ್ತಿ. ಬೋರ್ಡಿನಲ್ಲಿ ಪ್ರೈವೇಟ್ ಲಿಮಿಟೆಡ್, ಬಿಲ್ಲಿನ ಆರನೇ ಅಕ್ಷರ 'ಪಿ' ಎಂದಾದರೆ ಅಲ್ಲಿ ಏನೋ ಗೋಲ್‌ಮಾಲ್ ಇದೆ. ನನ್ನ ಪ್ರೆಸ್ಸಿನದೂ 'ಪಿ'ಯೇ. ಅದು ನನ್ನೊಬ್ಬನ ಪ್ರೊಪ್ರೈಟರ್‌ಶಿಪ್ಪು, ಕಂಪನಿ ದಫ್ತರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದರಲ್ಲಿ ತಪ್ಪೇನಿಲ್ಲ, ಏಕೆಂದರೆ ನಾನು ಎಲ್ಲೂ ಲಿಮಿಟೆಡ್ ಎಂದು ಬರೆದುಕೊಂಡಿಲ್ಲ. ನೋಂದಣಿಯಾಗದೆ ಆ ಪದ ಬಳಸಿದರೆ 453ನೇ ಕಲಂ ಪ್ರಕಾರ ದಿನಕ್ಕೆ 500ರಿಂದ 2,000 ರೂಪಾಯಿ ದಂಡ. 'ಸಿಐಎನ್ ಆಮೇಲೆ ಹಾಕ್ಕೊಳ್ಳೋಣ ಸಾರ್, ಈಗ ಪ್ರಿಂಟ್ ಮಾಡ್ಕೊಡಿ' ಎಂದು ಬರುವವರಿಗೆ ಈ ಕಲಂ ಹೇಳಿದ ತಕ್ಷಣ ಮುಂಗಡ ವಾಪಸ್ ತಗೊಂಡು ಮೆಟ್ಟಿಲಿಳಿಯುತ್ತಾರೆ.

ಇಷ್ಟಕ್ಕೇ ಕಂಪ್ಯೂಟರ್ ಬೇಕಿಲ್ಲ. ಆದರೆ ಕಳ್ಳನೂ ಇಷ್ಟನ್ನು ಕಲಿತಿರುತ್ತಾನೆ. ಅವನು ನಿಜವಾಗಿಯೂ ಕಂಪನಿ ನೋಂದಣಿ ಮಾಡಿಸಿಯೇ ಅಂಗಡಿ ತೆರೆಯುತ್ತಾನೆ. ಅದಕ್ಕೆ ಇಬ್ಬರು ಡೈರೆಕ್ಟರುಗಳು ಸಾಕು. ಪ್ರೈವೇಟ್ ಕಂಪನಿಗೆ ಕನಿಷ್ಠ ಒಂದು ಲಕ್ಷ ಬಂಡವಾಳ ಇರಬೇಕು ಎಂಬ ನಿಯಮವನ್ನೂ 2015ರಲ್ಲಿ ತೆಗೆದುಹಾಕಿದರು. ನಮ್ಮ ಬೀದಿಯ ಇನ್ನೊಂದು ಪ್ರೆಸ್ಸಿಗೆ ಹಾಗೇ ಆಯಿತು. ಐದು ಸಾವಿರ ಬ್ರೋಷರು ಮಾಡಿಸಿಕೊಂಡ ಕಂಪನಿ ದುಡ್ಡು ಕೊಡದೆ ನಾಪತ್ತೆ. ದಫ್ತರದಲ್ಲಿ ಅದರ ಹೆಸರು ನೋಡಿದರೆ ಎಲ್ಲಾ ಸರಿಯಾಗೇ ಇದೆ: ಸಿಐಎನ್ ಇದೆ, ಸ್ಥಿತಿ 'ಆ್ಯಕ್ಟಿವ್', ಹುಟ್ಟಿ ವರ್ಷ ತುಂಬಿಲ್ಲ. ನಮ್ಮ ಡಿಟಿಪಿ ಹುಡುಗ ಅದನ್ನು ಬೇರೆ ಥರ ನೋಡಿದ. ಹೆಸರು ಬಿಟ್ಟು ವಿಳಾಸ ಹಿಡಿದ. ಅದೇ ಕಟ್ಟಡ, ಅದೇ ಮಹಡಿ, ಅದೇ ಬಾಗಿಲ ನಂಬರಿನಲ್ಲಿ ಹಿಂದೆ ಮೂರು ಕಂಪನಿ ಹುಟ್ಟಿ ಸತ್ತಿದ್ದವು. ಇದು ನಾಲ್ಕನೆಯದು.

ಒಂದೊಂದೇ ಹೆಸರು ಹೊಡೆದು ನೋಡುವವನಿಗೆ ಇದು ಯಾವತ್ತೂ ಕಾಣುವುದಿಲ್ಲ. ಸರ್ಕಾರ ಈ ದಫ್ತರವನ್ನು ನಮಗೆ ತೋರಿಸುವುದು ಕಿಟಕಿಯ ಸಂದಿಯಿಂದ, ಒಂದು ಸಲಕ್ಕೆ ಒಂದು ಹಾಳೆ. ಟೋಪಿ ಹಾಕುವವರು ಬದುಕುವುದು ಹಾಳೆ ಹಾಳೆಗಳ ನಡುವಿನ ಜಾಗದಲ್ಲಿ. ಇಡೀ ದಫ್ತರ ನಮ್ಮ ಮೇಜಿನ ಮೇಲೆ ಬಂದು, ಅದಕ್ಕೆ ನಮ್ಮ ಪ್ರಶ್ನೆ ನಾವೇ ಕೇಳುವಂತಾದರೆ ಆಟವೇ ಬೇರೆ. ಹಾಗೆ ಕೇಳುವ ಭಾಷೆಯ ಹೆಸರು ಎಸ್‌ಕ್ಯೂಎಲ್.

ಹೆದರಬೇಡಿ, ಬಿಇ ಓದಿದವರ ಗುತ್ತಿಗೆ ಅಲ್ಲ ಅದು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಎಂಬ ಗಣಿತಜ್ಞ ಮಾಹಿತಿಯನ್ನೆಲ್ಲಾ ಅಡ್ಡಸಾಲು, ಉದ್ದಸಾಲಿನ ಕೋಷ್ಟಕಗಳಲ್ಲಿ ಇಡಬಹುದೆಂದು ತೋರಿಸಿದ. 1974ರಲ್ಲಿ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಎಂಬಿಬ್ಬರು ಆ ಕೋಷ್ಟಕಗಳನ್ನು ಪ್ರಶ್ನೆ ಕೇಳಲು ಒಂದು ಭಾಷೆ ಮಾಡಿದರು. ಗಣಿತ ಗೊತ್ತಿಲ್ಲದ ಮಾಮೂಲಿ ಜನವೂ ಬಳಸಲಿ ಎಂಬುದೇ ಅವರ ಉದ್ದೇಶವಾಗಿತ್ತು. ಐವತ್ತು ವರ್ಷದ ಮೇಲೂ ಬ್ಯಾಂಕು, ರೈಲ್ವೆ, ಆಸ್ಪತ್ರೆ ಎಲ್ಲೆಡೆ ಅದೇ ನಡೆಯುತ್ತಿದೆ. ಮೇಲಿನ ಕಥೆಯ ಪ್ರಶ್ನೆಯನ್ನು ಅದರಲ್ಲಿ ಬರೆದರೆ ಹೀಗಿರುತ್ತದೆ:

ಸೆಲೆಕ್ಟ್ ವಿಳಾಸ, ಕೌಂಟ್(*)
ಫ್ರಮ್ ಕಂಪನಿ
ವೇರ್ ಸ್ಥಿತಿ = 'ಸ್ಟ್ರೈಕ್ ಆಫ್'
ಗ್ರೂಪ್ ಬೈ ವಿಳಾಸ
ಹ್ಯಾವಿಂಗ್ ಕೌಂಟ್(*) > 2;

ಈಗ ಇದನ್ನು ಕನ್ನಡದಲ್ಲಿ ಹೇಳಿ ನೋಡಿ. 'ಕಂಪನಿ ಪಟ್ಟಿಯೊಳಗಿಂದ, ಹೆಸರು ಹೊಡೆದುಹಾಕಿದವನ್ನು, ವಿಳಾಸವಾರು ಗುಂಪು ಮಾಡಿ, ಎರಡಕ್ಕಿಂತ ಹೆಚ್ಚಿರುವ ಗುಂಪುಗಳ ವಿಳಾಸವನ್ನೂ ಎಣಿಕೆಯನ್ನೂ ಹೆಕ್ಕು.' ಇಂಗ್ಲಿಷಿನಲ್ಲಿ 'ಸೆಲೆಕ್ಟ್' ಮೊದಲು ಬಂತು, ಕನ್ನಡದಲ್ಲಿ 'ಹೆಕ್ಕು' ಕೊನೆಗೆ ಬಂತು. ಸೋಜಿಗ ಇರುವುದು ಇಲ್ಲೇ: ಯಂತ್ರ ಆ ವಾಕ್ಯವನ್ನು ಅರ್ಥ ಮಾಡಿಕೊಳ್ಳುವ ಕ್ರಮ ಕನ್ನಡದ್ದು! ಮೊದಲು ಫ್ರಮ್, ಆಮೇಲೆ ವೇರ್, ಆಮೇಲೆ ಗ್ರೂಪ್ ಬೈ, ಹ್ಯಾವಿಂಗ್, ಅದೆಲ್ಲಾ ಆದ ಮೇಲೆ ಸೆಲೆಕ್ಟ್. ಇಂಗ್ಲಿಷ್ ಮೀಡಿಯಂ ಹುಡುಗರು ಈ ಕ್ರಮ ತಲೆಗೆ ಹತ್ತದೆ ಒದ್ದಾಡುವುದನ್ನು ನೋಡಿದ್ದೇನೆ. ಕ್ರಿಯಾಪದ ಕೊನೆಗಿಟ್ಟು ಯೋಚಿಸುವ ನಮಗೆ ಅದು ಹುಟ್ಟಿನಿಂದ ಬಂದದ್ದು. ಸೆಲೆಕ್ಟ್, ಫ್ರಮ್ ಎಂಬ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ನಿಜ. ಆದರೆ ಪಟ್ಟಿಯ ಹೆಸರು, ಕಾಲಮ್ಮಿನ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಇಟ್ಟರೂ ಎಸ್‌ಕ್ಯೂಲೈಟ್ ಎಂಬ ತಂತ್ರಾಂಶ ತಕರಾರು ಮಾಡುವುದಿಲ್ಲ. 2000ನೇ ಇಸವಿಯಲ್ಲಿ ಬಂದ ಎಸ್‌ಕ್ಯೂಲೈಟ್ ಪೂರ್ತಿ ಪುಕ್ಕಟೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಎಕ್ಸೆಲ್ ಸಾಲದೇ ಎಂದು ಕೇಳುವವರಿಗೆ: ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ, ದೇಶದ ಕಂಪನಿ ಪಟ್ಟಿ 20 ಲಕ್ಷ ದಾಟಿದೆ.

ಪಟ್ಟಿ ಎಲ್ಲಿ ಸಿಗುತ್ತದೆ? ಕೇಂದ್ರ ಸರ್ಕಾರ 2012ರಲ್ಲಿ ತೆರೆದ ಮುಕ್ತ ದತ್ತಾಂಶ ತಾಣದಲ್ಲಿ 'ಕಂಪನಿ ಮಾಸ್ಟರ್ ಡೇಟಾ' ಎಂಬ ಹೆಸರಿನಲ್ಲಿ ಇಟ್ಟಿದ್ದಾರೆ. ಸಿಐಎನ್, ಹೆಸರು, ಸ್ಥಿತಿ, ನೋಂದಣಿ ದಿನ, ಅಧಿಕೃತ ಬಂಡವಾಳ, ಪಾವತಿಯಾದ ಬಂಡವಾಳ, ವಿಳಾಸ ಎಲ್ಲಾ ಅದರಲ್ಲಿದೆ. ಅದು ಯಾವ ದಿನಾಂಕದ ಪಟ್ಟಿ ಎಂದು ಮೊದಲು ನೋಡಿಕೊಳ್ಳಿ, ಹಳೇ ಪಂಚಾಂಗದಲ್ಲಿ ಮುಹೂರ್ತ ನೋಡಿದ ಹಾಗಾಗಬಾರದು. ಬಂಡವಾಳದ ಎರಡು ಕಾಲಮ್ಮುಗಳನ್ನು ಒಟ್ಟಿಗೇ ಓದಿ. 'ಒಂದು ಕೋಟಿ ಕಂಪನಿ' ಎಂದು ಜಂಬ ಕೊಚ್ಚುವವರು ತೋರಿಸುವುದು ಅಧಿಕೃತ ಬಂಡವಾಳವನ್ನು, ಅದು ಎತ್ತಬಹುದಾದ ಹಣದ ಮಿತಿ ಅಷ್ಟೇ. ಒಳಗೆ ಬಿದ್ದಿರುವುದೆಷ್ಟು ಎಂದು ಹೇಳುವುದು ಪಾವತಿಯಾದ ಬಂಡವಾಳ. ಎರಡರ ನಡುವೆ ಆಕಾಶ ಭೂಮಿಯ ಅಂತರ ಇರುವವನ್ನು ಒಂದೇ ಸಾಲಿನ ಪ್ರಶ್ನೆ ಹೆಕ್ಕಿ ಕೊಡುತ್ತದೆ.

ಸತ್ತ ಕಂಪನಿಗಳೇನು ಕಮ್ಮಿಯಿಲ್ಲ. 2017ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವೇ ಹೇಳಿದ ಲೆಕ್ಕದಂತೆ ಒಂದೇ ಏಟಿಗೆ 2,09,032 ಕಂಪನಿಗಳ ಹೆಸರು ದಫ್ತರದಿಂದ ಹೊಡೆದುಹಾಕಲಾಯಿತು, ಅವುಗಳ ಬ್ಯಾಂಕ್ ಖಾತೆಗೆ ಕಡಿವಾಣ ಬಿತ್ತು. ಇವೆಲ್ಲಾ ಕಳ್ಳ ಕಂಪನಿಗಳೇ? ಖಂಡಿತ ಅಲ್ಲ. ವ್ಯಾಪಾರ ಕೈಕೊಟ್ಟು ಸುಮ್ಮನಾದವರು, ವರ್ಷದ ಲೆಕ್ಕ ಸಲ್ಲಿಸಲು ಮರೆತವರು ಅದರಲ್ಲಿ ಬೇಕಾದಷ್ಟಿದ್ದಾರೆ. ಸತ್ತದ್ದಕ್ಕಿಂತ, ಸತ್ತ ಜಾಗದಲ್ಲೇ ಹೊಸ ಹೆಸರಿನಲ್ಲಿ ಮತ್ತೆ ಹುಟ್ಟಿದ್ದರ ಮೇಲೆ ಕಣ್ಣಿಡಬೇಕು.

ಈ ದಫ್ತರದ ತುಂಬಾ ಬಲೆಗಳಿವೆ, ಅದರಲ್ಲೂ ಕನ್ನಡದ ಹೆಸರುಗಳ ವಿಷಯದಲ್ಲಿ. ದಫ್ತರ ಇರುವುದು ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲಿ ಲಕ್ಷ್ಮಿ ಒಬ್ಬಳೇ. ಇಂಗ್ಲಿಷಿಗೆ ಹೋದರೆ ಒಬ್ಬ 'ಕೆಎಸ್‌ಎಚ್' ಹಾಕುತ್ತಾನೆ, ಇನ್ನೊಬ್ಬ 'ಎಕ್ಸ್' ಹಾಕುತ್ತಾನೆ. 'ಶ್ರೀ'ಗೆ ನಾಲ್ಕು ಕಾಗುಣಿತ. ಒಂದು ಹಾಕಿ ಹುಡುಕಿದರೆ ಉಳಿದ ಮೂರು ತಪ್ಪಿಸಿಕೊಳ್ಳುತ್ತವೆ. ಊರಿನ ಹೆಸರಂತೂ ಇನ್ನೂ ಫಜೀತಿ. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರಾಯಿತು. ಹುಬ್ಳಿ ಹುಬ್ಬಳ್ಳಿಯಾಯಿತು, ಬೆಲ್ಗಾಮ್ ಬೆಳಗಾವಿಯಾಯಿತು. ದಫ್ತರದಲ್ಲಿ ಹಳೆಯದೂ ಇದೆ, ಹೊಸದೂ ಇದೆ, ಗುಮಾಸ್ತರ ಕೈತಪ್ಪಿನಿಂದ ಹುಟ್ಟಿದ ಮೂರನೆಯದೂ ಇದೆ. ನಾವು ಅಭಿಮಾನದಿಂದ 'ಬೆಂಗಳೂರು' ಎಂದಷ್ಟೇ ಕೇಳಿದರೆ ಅರ್ಧ ಊರು ಬಿಟ್ಟುಹೋಗುತ್ತದೆ. ಅದಕ್ಕೇ ಪಿನ್‌ಕೋಡ್ ಹಿಡಿಯಿರಿ. 560ರಿಂದ ಶುರುವಾಗುವುದು ಯಾವ ಕಾಗುಣಿತದಲ್ಲಿದ್ದರೂ ಬೆಂಗಳೂರೇ.

ಉದ್ಯಮದ ಸಂಕೇತವನ್ನೂ ಕಣ್ಣುಮುಚ್ಚಿ ನಂಬಬೇಡಿ. ಈಗಿನ ಪಟ್ಟಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಂಗ್‌ಗೆ 62, ಅದರ ಹಿಂದಿನದರಲ್ಲಿ 72. ಇನ್ಫೋಸಿಸ್ ಸಿಐಎನ್‌ನಲ್ಲಿ ಇರುವುದು 85. ಅದು ಹಳೇ ಪಟ್ಟಿಯಲ್ಲಿ ಆರೋಗ್ಯ ಸೇವೆ, ಹೊಸ ಪಟ್ಟಿಯಲ್ಲಿ ಶಿಕ್ಷಣ! 62 ಹಾಕಿ 'ಕರ್ನಾಟಕದ ಸಾಫ್ಟ್‌ವೇರ್ ಕಂಪನಿಗಳು' ಎಂದು ಈ ಸಂಕೇತದಲ್ಲಿ ಹುಡುಕಿದರೆ ಇನ್ಫೋಸಿಸ್ಸೇ ಸಿಗುವುದಿಲ್ಲ. 'ಕೆಎ' ಮತ್ತು ವರ್ಷವನ್ನು ಜೋಡಿಸಿ ಕಂಪನಿ ಇಲ್ಲೇ ಹುಟ್ಟಿದ್ದು ಎಂದೂ ಹೇಳುವಂತಿಲ್ಲ. ಇನ್ಫೋಸಿಸ್ 1981ರಲ್ಲಿ ನೋಂದಣಿಯಾದದ್ದು ಪುಣೆಯಲ್ಲಿ. ವಿಪ್ರೋ ಸಿಐಎನ್‌ನಲ್ಲಿ 'ಕೆಎ 1945' ಇದೆ, ಆದರೆ 1945ರಲ್ಲಿ ಅದು ಮಹಾರಾಷ್ಟ್ರದ ಅಮಳನೇರಿನ ಅಡುಗೆ ಎಣ್ಣೆ ಕಂಪನಿ. ರಾಜ್ಯದ ಅಕ್ಷರ ಹೇಳುವುದು ನೋಂದಾಯಿತ ಕಚೇರಿ ಈಗ ಎಲ್ಲಿದೆ ಎಂಬುದನ್ನಷ್ಟೇ.

ಬ್ರಿಟನ್ನಿನವರ ದಫ್ತರವೂ ಶುದ್ಧವೇನಲ್ಲ. ಆದರೆ ಅವರು ಅದನ್ನು ಇಡಿಯಾಗಿ ಬಿಚ್ಚಿಟ್ಟರು. ಅಲ್ಲಿನ ಕಂಪನೀಸ್ ಹೌಸ್ 2015ರಿಂದ ತನ್ನ ಡಿಜಿಟಲ್ ದಾಖಲೆಗಳನ್ನು ಪುಕ್ಕಟೆ ಮಾಡಿತು. ಇಡೀ ದೇಶದ ಕಂಪನಿ ಪಟ್ಟಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 2016ರಿಂದ ಕಂಪನಿಯ ಹಿಂದೆ ನಿಂತು ನಿಯಂತ್ರಿಸುವವರು ಯಾರು ಎಂಬ ಪಟ್ಟಿಯನ್ನೂ ಸೇರಿಸಿದರು. ಗ್ಲೋಬಲ್ ವಿಟ್ನೆಸ್ ಎಂಬ ಸಂಸ್ಥೆಯವರು ಆ ಪಟ್ಟಿಯನ್ನು ಇಡಿಯಾಗಿ ಕೂರಿಸಿಕೊಂಡು ಪ್ರಶ್ನೆ ಕೇಳಿ 2018ರಲ್ಲಿ ವರದಿ ಕೊಟ್ಟರು. ಏನು ಸಿಕ್ಕಿತು ಗೊತ್ತೇ? ಕಂಪನಿ ನಿಯಂತ್ರಿಸುವವರಲ್ಲಿ ಸುಮಾರು 4,000 ಮಂದಿ ಎರಡು ವರ್ಷ ತುಂಬದ ಕೂಸುಗಳು! ಐದೇ ಜನರ ಹಿಡಿತದಲ್ಲಿ 6,000ಕ್ಕೂ ಹೆಚ್ಚು ಕಂಪನಿಗಳು! ತಮ್ಮ ದೇಶದವರು ಎಂಬುದನ್ನೇ ಜನ ಐನೂರಕ್ಕೂ ಹೆಚ್ಚು ಬಗೆಯಲ್ಲಿ ಬರೆದಿದ್ದರು, ಲಕ್ಷ್ಮಿಯ ಗತಿಯೇ ಬ್ರಿಟಿಷರಿಗೂ. ಒಂದೊಂದೇ ಹಾಳೆ ನೋಡಿದ್ದರೆ ಇದ್ಯಾವುದೂ ಹೊರಬರುತ್ತಿರಲಿಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೆ ದಾಖಲಿಸಿಕೊಳ್ಳುತ್ತಿದ್ದ ಆ ಕಚೇರಿಗೆ ಪ್ರಶ್ನಿಸುವ, ತಿರಸ್ಕರಿಸುವ ಅಧಿಕಾರ ಸಿಕ್ಕಿದ್ದು 2024ರ ಮಾರ್ಚ್ 4ರಿಂದ, ಇಂಥ ಗದ್ದಲ ವರ್ಷಗಟ್ಟಲೆ ನಡೆದ ಮೇಲೆ.

ನಮ್ಮಲ್ಲಿ ಬಚ್ಚಿಟ್ಟಿರುವುದು ಯಾವುದು? ಡೈರೆಕ್ಟರುಗಳ ಪಟ್ಟಿ. ಒಂದು ಕಂಪನಿಯ ಹೆಸರು ಹೊಡೆದರೆ ಅದರ ಡೈರೆಕ್ಟರುಗಳು ಕಾಣುತ್ತಾರೆ. ಇಡೀ ರಾಜ್ಯದ್ದನ್ನು ಒಟ್ಟಿಗೆ ಇಳಿಸಿಕೊಳ್ಳುವ ಹಾಗೆ ಪುಕ್ಕಟೆ ಕೊಡುವುದಿಲ್ಲ. ಕಾಯ್ದೆಯ 165ನೇ ಕಲಂ ಹೇಳುತ್ತದೆ, ಒಬ್ಬ ಮನುಷ್ಯ 20ಕ್ಕಿಂತ ಹೆಚ್ಚು ಕಂಪನಿಗಳಿಗೆ ಡೈರೆಕ್ಟರ್ ಆಗಿರಬಾರದು. ಯಾರು ಈ ಗೆರೆ ದಾಟಿದ್ದಾರೆ ಎಂದು ತಿಳಿಯಲು ಐದು ಸಾಲಿನ ಪ್ರಶ್ನೆ ಸಾಕು, ಪಟ್ಟಿ ಕೈಗೆ ಸಿಕ್ಕರೆ. ಸತ್ತ ಮೂರು ಕಂಪನಿಗೂ ಹುಟ್ಟಿದ ನಾಲ್ಕನೆಯದಕ್ಕೂ ಡೈರೆಕ್ಟರ್ ಒಬ್ಬನೇ ಹೌದೋ ಅಲ್ಲವೋ ಎಂದು ತಿಳಿಯಲೂ ಅದೇ ಬೇಕು. ಕಾಯ್ದೆ ಪ್ರಕಾರ ಯಾರು ಬೇಕಾದರೂ ನೋಡಬಹುದಾದ ದಾಖಲೆಯನ್ನು ಚೂರು ಚೂರು ಮಾಡಿ ತೋರಿಸುವುದು ಯಾಕೆ? ಇಡೀ ಡೈರೆಕ್ಟರ್ ಪಟ್ಟಿ, ಮನೆ ವಿಳಾಸ ಫೋನ್ ನಂಬರು ಬಿಟ್ಟು, ಪ್ರತಿ ತಿಂಗಳೂ ಹೊರಬರಬೇಕು. ಕಂಪನಿಯ ಹೆಸರು ಕನ್ನಡ ಅಕ್ಷರದಲ್ಲೂ ಇರುವ ಒಂದು ಕಾಲಮ್ಮು ಬೇಕು. ನಮ್ಮ ಸಂಘಟನೆಗಳು ಮನವಿಪತ್ರದಲ್ಲಿ ಇದನ್ನು ಸೇರಿಸಿದರೆ ಕಂಪನಿಗಳ ರಿಜಿಸ್ಟ್ರಾರರಿಗೆ ಹೊಸದೊಂದು ತಲೆನೋವಾಗುತ್ತದೆ, ಆಗಲಿ.

ಮಾಹಿತಿ ಹಕ್ಕಿನಲ್ಲಿ ಕೇಳಬಹುದಲ್ಲ ಎನ್ನುವವರಿಗೆ ಒಂದು ಮಾತು. ಕಂಪನಿ ಕಾಗದಪತ್ರವನ್ನು ಅದರಲ್ಲಿ ಕೇಳಿದರೆ 'ಶುಲ್ಕ ಕಟ್ಟಿ ನೋಡಿಕೊಳ್ಳಿ' ಎಂದು ವಾಪಸ್ ಕಳಿಸುತ್ತಾರೆ, 2012ರಲ್ಲಿ ದೆಹಲಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿದೆ. ಆದರೆ ಮುಕ್ತ ತಾಣದ ಪಟ್ಟಿಯನ್ನು ಕೊನೆಯ ಸಲ ಯಾವಾಗ ಹೊಸದು ಮಾಡಿದಿರಿ, ಡೈರೆಕ್ಟರ್ ಪಟ್ಟಿಯನ್ನು ಇಡಿಯಾಗಿ ಕೊಡಬಾರದೆಂದು ಯಾವ ಆದೇಶದಲ್ಲಿದೆ ಎಂದು ಕೇಳಲು ಏನಡ್ಡಿ? ಅರ್ಜಿಗೆ 10 ರೂಪಾಯಿ. ಕೇಂದ್ರದ ಕಚೇರಿಯಾದರೂ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೇಳುವ ಹಕ್ಕು ಆ ಕಾಯ್ದೆಯ 6ನೇ ಕಲಂನಲ್ಲೇ ಇದೆ.

ಇನ್ನು ನಮ್ಮ ಹುಡುಗರ ಬಿಸಿರಕ್ತದ ಬಗ್ಗೆ. ಒಂದೇ ವಿಳಾಸದಲ್ಲಿ ನಲವತ್ತು ಕಂಪನಿ ಸಿಕ್ಕಿತು ಅಂದ ತಕ್ಷಣ ಬಾವುಟ ಹಿಡಿದು ಹೊರಡಬೇಡಿ. ಅದು ಆಡಿಟರ್ ಒಬ್ಬರ ಆಫೀಸಾಗಿರಬಹುದು, ಗಂಟೆ ಲೆಕ್ಕದಲ್ಲಿ ಮೇಜು ಬಾಡಿಗೆಗೆ ಕೊಡುವ ಜಾಗವಾಗಿರಬಹುದು. ಸಾಲ ಮಾಡಿ ಹೊಸ ಕಂಪನಿ ಕಟ್ಟುತ್ತಿರುವ ನಮ್ಮದೇ ಹುಡುಗಿ ಅಲ್ಲಿ ಒಂದು ಮೇಜು ಹಿಡಿದಿರಬಹುದು. ಪಟ್ಟಿ ಕೊಡುವುದು ಸುಳಿವು. ಸುಳಿವು ಸಿಕ್ಕಮೇಲೆ ತಲಾ ನೂರು ರೂಪಾಯಿ ಕಟ್ಟಿ ಆ ನಾಲ್ಕೇ ಕಂಪನಿಗಳ ಕಾಗದ ತೆಗೆಸಿ, ಸಹಿ ನೋಡಿ, ಕಟ್ಟಡದ ಕಾವಲುಗಾರನನ್ನು ಮಾತಾಡಿಸಿ. ಯಾರ ಹೆಸರನ್ನೂ ವಾಟ್ಸ್‌ಆ್ಯಪಿನಲ್ಲಿ ಹರಿಬಿಡಬೇಡಿ. ಅದು ನ್ಯಾಯವೂ ಅಲ್ಲ, ಮಾನನಷ್ಟದ ಕೇಸು ಬಿದ್ದರೆ ಬಿಡಿಸಲು ನಮ್ಮ ಹತ್ತಿರ ದುಡ್ಡೂ ಇಲ್ಲ.

ಬೋರ್ಡಿನ ಮಾತೂ ಹಾಗೇ. 60 ಪಾಲು ಕನ್ನಡ ಇರಬೇಕೆಂಬ 2024ರ ರಾಜ್ಯದ ತಿದ್ದುಪಡಿ ಎಲ್ಲರಿಗೂ ಗೊತ್ತು. ಲೆಟರ್‌ಹೆಡ್ಡಿನ ಮೇಲೆ ಸಿಐಎನ್ ಹಾಕಿಸಿದ ಅದೇ 12ನೇ ಕಲಂ, ಕಂಪನಿಯು ಪ್ರತಿ ಕಚೇರಿಯ ಹೊರಗೆ ಹೆಸರು ಮತ್ತು ನೋಂದಾಯಿತ ವಿಳಾಸವನ್ನು ಬರೆಸಬೇಕು, ಆ ಅಕ್ಷರ ಸ್ಥಳೀಯವಾಗಿ ಬಳಕೆಯಲ್ಲಿರುವ ಭಾಷೆಯದಲ್ಲದಿದ್ದರೆ ಅಂಥ ಭಾಷೆಯ ಅಕ್ಷರದಲ್ಲೂ ಬರೆಸಬೇಕು ಎನ್ನುತ್ತದೆ. ತಪ್ಪಿದರೆ ದಿನಕ್ಕೆ 1,000 ರೂಪಾಯಿ, ಒಂದು ಲಕ್ಷದವರೆಗೆ ದಂಡ. ಇಂಗ್ಲಿಷೂ ಇಲ್ಲಿ ಬಳಕೆಯಲ್ಲಿದೆ ಎಂದು ವಾದಿಸುವ ವಕೀಲರು ಇದ್ದೇ ಇರುತ್ತಾರೆ. ಹೆಸರೂ ಇಲ್ಲದೆ, ವಿಳಾಸವೂ ಇಲ್ಲದೆ ಬರೀ ಗಾಜಿನ ಬಾಗಿಲು ಇಟ್ಟುಕೊಂಡು ಕೆಲಸದ ಹೆಸರಲ್ಲಿ ಡಿಪಾಸಿಟ್ ಎತ್ತುವ ಕಂಪನಿಗೆ ಆ ವಾದವೂ ಸಿಗುವುದಿಲ್ಲ. ನಿಮ್ಮ ಬಡಾವಣೆಯ ಪಿನ್‌ಕೋಡಿನ ಕಂಪನಿಗಳನ್ನು ಹೆಕ್ಕಿ, ಆ ವಿಳಾಸಗಳ ಮುಂದೆ ಒಮ್ಮೆ ನಡೆದು ಬನ್ನಿ. ಬೋರ್ಡೇ ಇಲ್ಲದ್ದರ ಫೋಟೋ ತೆಗೆದು, ದಿನಾಂಕ ಹಾಕಿ, ದೂರಿನ ಜೊತೆ ಕೋರಮಂಗಲಕ್ಕೆ ಕಳಿಸಿ. ದೂರಿನಲ್ಲಿ ಸಿಐಎನ್ ಬರೆಯುವಾಗ ಅಕ್ಷರ ಎಣಿಸಿಕೊಳ್ಳಿ. 21 ಇರಬೇಕು.